ಅಂಗೈಯಗಲ ಬಿಳುಪು

"ಏಯ್! ಇಳೀರಿ ಕೆಳಗೆ! ಯಾರ್ರೀ ನೀವು?"

ಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತು ಗೋಡೆ ಒರೆಸುತ್ತಿದ್ದ ಅವಳು ಗಕ್ಕನೆ ತಿರುಗಿದಳು. ಕೈಯಲ್ಲಿದ್ದ ಒದ್ದೆ ಬಟ್ಟೆ ಜಾರಿ, ಕೂಗಿದವನ ಹೆಗಲ ಮೇಲೆಯೇ ಬಿತ್ತು.

ಬೆಳಗಿನ ಹತ್ತೂವರೆ. ಪಬ್ಬಿಗೆ ಗಿರಾಕಿಗಳು ಬರಲು ಇನ್ನೂ ಹೊತ್ತಿತ್ತು. ನೆಲಮಾಳಿಗೆಯಿಂದ ಬಿಯರ್ ಪೆಟ್ಟಿಗೆ ಹೊತ್ತು ಮೇಲೆ ಬಂದಿದ್ದ ಪಬ್ಬಿನ ಯಜಮಾನ, ಹೆಗಲ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಅದು ಕಡು ಕಂದು ಬಣ್ಣಕ್ಕೆ ತಿರುಗಿತ್ತು.

"ಏನಿದು?"

"ನಿಮ್ಮ ಗೋಡೆ ಸಾರ್... ಅಂದ್ರೆ, ಗೋಡೆ ಮೇಲಿದ್ದ ಹೊಗೆ."

ಅವನು ತಲೆಯೆತ್ತಿದ. ಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಜಾಗವೊಂದು ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ಗೋಡೆಗೆ ಹೊಡೆದ ಬಣ್ಣವೇ ಹಳದಿ ಅಂದುಕೊಂಡಿದ್ದ ಮನುಷ್ಯ ಬಾಯಿ ತೆರೆದು ನಿಂತುಬಿಟ್ಟ.

ಇದೇ ಸಮಯ ಅಂತ ಅವಳು ಕುರ್ಚಿಯ ಮೇಲಿಂದಲೇ ಶುರು ಹಚ್ಚಿಕೊಂಡಳು. "ಬರೋ ತಿಂಗಳು ಒಂದನೇ ತಾರೀಖಿನಿಂದ ಪಬ್ಬುಗಳಲ್ಲಿ ಸಿಗರೇಟು ಸೇದೋ ಹಾಗಿಲ್ಲ, ಗೊತ್ತಲ್ವಾ? ಹೊಗೆ ನಿಲ್ಲುತ್ತೆ ಸಾರ್, ವಾಸನೆ ನಿಲ್ಲಲ್ಲ. ಇಷ್ಟು ದಿನ ಹೊಸ ಹೊಗೆ ಹಳೇ ಹೊಗೇನ ಮುಚ್ಚಿಹಾಕ್ತಿತ್ತು. ಅದು ನಿಂತ ದಿನ ನೋಡಿ... ಪರದೆ, ಸೀಟು, ಛಾವಣಿ, ಒಂದೊಂದೂ ಬಾಯಿ ಬಿಡುತ್ತೆ!"

"ನನ್ನ ಗಿರಾಕಿಗಳು ಗೋಡೆ ಮೂಸೋಕೆ ಬರಲ್ಲ."

"ಒಂದನೇ ತಾರೀಖಿನಿಂದ ಮೂಸ್ತಾರೆ."

ಅವನ ತುಟಿಯಂಚು ಅಲುಗಿತು. ನಗು ಬಂದಿತ್ತು, ಆದರೆ ನಗುವ ಮನಸ್ಸಿರಲಿಲ್ಲ. "ಕೇಳದೆ ಒಳಗೆ ಹೇಗೆ ಬಂದ್ರಿ?"

"ಬಾಗಿಲು ತೆಗೆದಿತ್ತು. ಕೂಗಿದೆ, ಯಾರೂ ಬರಲಿಲ್ಲ. ಕೈ ಸುಮ್ಮನಿರಲಿಲ್ಲ."

"ಈಗ ಕಾಲಿಗೆ ಸ್ವಲ್ಪ ಕೆಲಸ ಕೊಡಿ. ಬಾಗಿಲು ಆ ಕಡೆ ಇದೆ."

ಅವಳು ಕೆಳಗಿಳಿದು, ಕಂಪನಿಯ ಕಾರ್ಡನ್ನು ಕುರ್ಚಿಯ ಮೇಲಿಟ್ಟು, ಬಕೆಟ್ ಎತ್ತಿಕೊಂಡು ಹೊರಟಳು. ಬೇಜಾರೇನೂ ಆಗಲಿಲ್ಲ. ಬೈಸಿಕೊಳ್ಳುವುದು ಅವಳ ಕೆಲಸದಲ್ಲಿ ಅರ್ಧ ಪಾಲು. ಆದರೆ ಬೀದಿ ದಾಟುವಾಗ ಒಮ್ಮೆ ಹಿಂತಿರುಗಿ ನೋಡಿದಳು. ಅದು ಕೆಲಸದಲ್ಲಿ ಇರಲಿಲ್ಲ!

ಚಿಕ್ಕಮ್ಮನ ಕ್ಲೀನಿಂಗ್ ಕಂಪನಿ ಅಂದರೆ ಒಂದು ವ್ಯಾನು, ನೀರೆಳೆಯುವ ಎರಡು ಯಂತ್ರ, ನಾಲ್ಕು ಜನ ಕೆಲಸಗಾರರು, ಮತ್ತು ಮಾತಾಡಲು ಇವಳು. ಪಬ್ಬು ಹಿಡಿಯುವ ಈ ಉಪಾಯ ಚಿಕ್ಕಮ್ಮನದೇ. "ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ ಪುಟ್ಟಿ. ಅಂಗೈಯಷ್ಟು ಒರೆಸಿ ಬಂದ್ಬಿಡು. ಆಮೇಲೆ ಆ ಬಿಳುಪೇ ಅವರ ತಲೆ ತಿನ್ನುತ್ತೆ."

ತಿಂದಿತು. ಮೂರನೇ ದಿನ ಅವನ ಫೋನ್ ಬಂತು.

"ನೋಡಿ, ಬಂದವರೆಲ್ಲ ಅದನ್ನೇ ಕೇಳ್ತಿದ್ದಾರೆ. ಒಂದೋ ಪೂರ್ತಿ ಒರೆಸಿ, ಇಲ್ಲ ಅಲ್ಲಿಗೂ ಹೊಗೆ ಬಿಟ್ಟು ಮೊದಲಿನ ಹಾಗೆ ಮಾಡಿ."

"ಹೊಗೆ ಬಿಡೋಕೆ ನಮ್ಮಲ್ಲಿ ಯಂತ್ರ ಇಲ್ಲ ಸಾರ್. ಒರೆಸ್ತೀವಿ."

ಹೀಗೆ ಶುರುವಾಯಿತು. ಸೋಮವಾರ ಪರದೆ ಇಳಿಸಿದರು. ಬುಧವಾರ ಸೀಟುಗಳಿಗೆ ಯಂತ್ರ ಹಾಕಿದಾಗ ಟೀ ಡಿಕಾಕ್ಷನ್ ಬಣ್ಣದ ನೀರು ಬಕೆಟ್ ತುಂಬಿತು. ಅವನು ಅದನ್ನು ನೋಡಿ, "ಇದರ ಮೇಲೆ ಕೂತೇ ನಾನು ದಿನಾ ಊಟ ಮಾಡ್ತಿದ್ದೆ!" ಎಂದು ಮುಖ ಕಿವುಚಿದ. ಅವಳು ನಕ್ಕಳು. ಅವನೂ ನಕ್ಕ. ಆ ನಗು ಅವನ ಮುಖಕ್ಕೆ ಅಭ್ಯಾಸವಿಲ್ಲದ್ದು ಅಂತ ಅವಳಿಗೆ ಅನ್ನಿಸಿತು.

ಕೆಲಸಗಾರರ ಮೇಲ್ವಿಚಾರಣೆಗೆ ಅವಳೇ ಬರಬೇಕೆಂದೇನೂ ಇರಲಿಲ್ಲ. ಬಂದಳು. ಅವನೂ ಬೆಳಗ್ಗೆ ಅಷ್ಟು ಬೇಗ ಕೆಳಗಿಳಿಯಬೇಕಿರಲಿಲ್ಲ. ಇಳಿದ. ಎರಡು ಲೋಟ ಟೀ ಹಿಡಿದು ಇಳಿಯುತ್ತಿದ್ದ, ಕೇಳಿದರೆ "ಒಂದು ಲೋಟ ಜಾಸ್ತಿ ಆಗಿತ್ತು" ಅನ್ನುತ್ತಿದ್ದ. ದಿನಾ ಒಂದೇ ಲೋಟ ಜಾಸ್ತಿ ಆಗುವ ಮನೆ ಯಾವುದಪ್ಪಾ!

ಪಬ್ಬಿನ ಮೇಲೆಯೇ ಅವರ ಮನೆ. ಅಲ್ಲಿ ಅವನು ಮತ್ತು ಅವನ ತಾಯಿ ಇಬ್ಬರೇ. ಒಂದು ದಿನ ಟೀ ಕುಡಿಯುತ್ತಾ ಅವನು, "ಅಪ್ಪ ಹೋಗಿ ಎರಡು ವರ್ಷ ಆಯ್ತು," ಎಂದ. ಯಾರಿಗೂ ಹೇಳದ ಮಾತನ್ನು ಹೇಳುವವನ ದನಿಯಲ್ಲಿ ಹೇಳಿದ. ಏನಾಗಿತ್ತು ಅಂತ ಅವಳು ಕೇಳುವಷ್ಟರಲ್ಲಿ ಎದ್ದು ಹೋಗಿ ಒರೆಸಿದ ಲೋಟವನ್ನೇ ಮತ್ತೆ ಒರೆಸತೊಡಗಿದ.

'ಈಗ ಕೇಳೋದು ಬೇಡ... ಅವರಾಗೇ ಹೇಳಲಿ,' ಅಂದುಕೊಂಡಳು. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಒಂದೇ ಒಂದು ಗೋಡೆಗೆ ಅವನು ಕೈ ಹಾಕಲು ಬಿಡಲಿಲ್ಲ. ಕೌಂಟರಿನ ಕೊನೆಯ ಮೂಲೆಯದು.

"ಅದು ಕೊನೆಗೆ. ಈಗ ಮುಟ್ಟಬೇಡಿ."

ಆ ಗೋಡೆಯಲ್ಲಿ ಎತ್ತರದ ಬೆನ್ನಿನ ಕುರ್ಚಿಯೊಂದರ ಆಕಾರ ಬಿಳಿಯಾಗಿ ಉಳಿದಿತ್ತು. ಯಾವುದೋ ಹಳೇ ಕುರ್ಚಿ ಗೋಡೆಗೆ ಒರಗಿ ವರ್ಷಗಟ್ಟಲೆ ನಿಂತಿದ್ದಿರಬೇಕು. ಸುತ್ತಲೂ ಕಂದು ಹೊಗೆ, ನಡುವೆ ಖಾಲಿ ಕುರ್ಚಿಯ ಬಿಳುಪು. ಅವಳು ಅದನ್ನು ಮಾರುವವಳ ಕಣ್ಣಿನಿಂದ ನೋಡಿದಳು. ಅಬ್ಬಾ! ನೂರು ಮಾತಾಡಿದರೂ ಹೀಗೆ ತೋರಿಸಲು ಆಗುವುದಿಲ್ಲ!

"ಫೋಟೋ ತಗೊಳ್ಳಲಾ?" ಎಂದು ಮೊದಲ ವಾರವೇ ಕೇಳಿದ್ದಳು. "ಎಷ್ಟು ಬೇಕಾದ್ರೂ ತಗೊಳ್ಳಿ," ಅಂದಿದ್ದ ಅವನು, ಪರದೆಗಳ ವಿಷಯ ಅಂದುಕೊಂಡು.

ಕಂಪನಿಗೆ ಹೊಸ ಕರಪತ್ರ ಬೇಕಿತ್ತು. ಅವಳು ಆ ಗೋಡೆಯ ಫೋಟೋ ಹಾಕಿದಳು. ಮೇಲೆ ದಪ್ಪ ಅಕ್ಷರದಲ್ಲಿ ತಾನೇ ಬರೆದಳು: "ಗೋಡೆಯೇ ಹೀಗಾದರೆ, ಇಲ್ಲಿ ಕೂತವರ ಎದೆ ಹೇಗಿರಬೇಕು?"

ಚಿಕ್ಕಮ್ಮ ಕನ್ನಡಕ ಏರಿಸಿ ಓದಿದಳು. "ಕೇಳಿ ಹಾಕಿದ್ದೀಯಾ ಫೋಟೋನ?"

"ಎಷ್ಟು ಬೇಕಾದ್ರೂ ತಗೊಳ್ಳಿ ಅಂದಿದ್ದಾರೆ ಚಿಕ್ಕಮ್ಮ."

"ತಗೊಳ್ಳಿ ಅಂದ್ರಾ, ಹಂಚಿ ಅಂದ್ರಾ?"

"ಅಯ್ಯೋ, ನೀವೊಬ್ಬರು! ಖುಷಿಪಡ್ತಾರೆ ಬಿಡಿ."

ಖುಷಿ ಅವಳಿಗೇ ಜಾಸ್ತಿಯಾಗಿತ್ತು. ಊರಿನ ನಲವತ್ತು ಪಬ್ಬುಗಳಿಗೂ ಕರಪತ್ರ ಹಂಚಿದಳು. ಮೊದಲನೆಯದನ್ನು ಮಾತ್ರ ಅವನ ಬಾಗಿಲ ಅಂಚೆಪೆಟ್ಟಿಗೆಯಲ್ಲಿ ತಾನೇ ಹಾಕಿದಳು. ಅಂಚಿನಲ್ಲಿ ಪೆನ್ನಿನಿಂದ ಬರೆದಿದ್ದಳು: "ಮೊದಲ ಪ್ರತಿ ನಿಮಗೆ!"

ಮರುದಿನ ಬೆಳಗ್ಗೆ ಗುನುಗುತ್ತಾ ಬಂದವಳಿಗೆ ಅವನು ಬಾಗಿಲಲ್ಲೇ ಸಿಕ್ಕ. ಕೈಯಲ್ಲಿ ಟೀ ಇರಲಿಲ್ಲ. ಕರಪತ್ರ ಇತ್ತು.

"ಇದನ್ನ ಬರೆದಿದ್ದು ಯಾರು?"

"ನಾನೇ! ಹೇಗಿದೆ?"

ಅವನು ಕರಪತ್ರವನ್ನು ಅವಳ ಕಡೆ ತಿರುಗಿಸಿ ಹಿಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾಕೆ... ಏನಾಯ್ತು?"

"ಅಲ್ಲಿ ಕೂರ್ತಿದ್ದದ್ದು ನಮ್ಮಪ್ಪ."

ಅವಳು ಕರಪತ್ರದಲ್ಲಿದ್ದ ಬಿಳಿ ಕುರ್ಚಿಯನ್ನು ನೋಡಿದಳು.

"ದಿನಾ ಸಂಜೆ. ಆ ಕುರ್ಚೀಲಿ. ನಿಮ್ಮ ಕೆಲಸ ಶುರುವಾಗೋ ಹಿಂದಿನ ದಿನವಷ್ಟೇ ಅದನ್ನ ಮನೆಗೆ ಸಾಗಿಸಿದ್ದೆ. ಸತ್ತಿದ್ದು ಶ್ವಾಸಕೋಶ ಹಾಳಾಗಿ. ಇದು ಮೊದಲು ಸಿಕ್ಕಿದ್ದು ಅಮ್ಮನ ಕೈಗೆ. ನಿನ್ನೆಯಿಂದ ಅವರು ನನ್ನ ಹತ್ತಿರ ಒಂದು ಮಾತಾಡಿಲ್ಲ."

"ನನಗೆ ಗೊತ್ತಿರಲಿಲ್ಲ! ದೇವರಾಣೆಗೂ..."

"ಅಪ್ಪ ಹೋದ್ರು ಅಂತ ಬಾಯಿಬಿಟ್ಟು ಹೇಳಿದ್ದು ನಿಮಗೊಬ್ಬರಿಗೇ. ಅದನ್ನೂ ಮಾರ್ಕೊಂಡ್ರಾ?"

"ಹಾಗಲ್ಲ... ದಯವಿಟ್ಟು ಕೇಳಿ... ಅದು ಯಾವುದೋ ಹಳೇ ಕುರ್ಚಿ ಅಂತ..."

ಅವನು ಒಳಗೆ ಹೋದ. ಅವಳ ಬ್ರಶ್ಶುಗಳ ಚೀಲ ತಂದು ಮೆಟ್ಟಿಲ ಮೇಲಿಟ್ಟ. ಎಸೆಯಲಿಲ್ಲ, ಮೆಲ್ಲಗೆ ಇಟ್ಟ. ಎಸೆದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

"ಇನ್ನು ಬರಬೇಡಿ."

ಬಾಗಿಲು ಮುಚ್ಚಿತು.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಪಬ್ಬಿನ ಮುಂದೆ ಎರಡು ಸಲ ಹೋಗಿ, ಬಾಗಿಲು ತಟ್ಟಲು ಕೈ ಬರದೆ ಹಿಂತಿರುಗಿದಳು. ಚೀಟಿ ಬರೆಯೋಣವೆಂದು ಕೂತಳು. ತಾನು ಬರೆದ ಒಂದು ಸಾಲು ಮಾಡಿದ ಅನಾಹುತ ನೆನಪಾಗಿ ಪೆನ್ನು ಕೆಳಗಿಟ್ಟಳು.

'ಅವರಿಗೆ ನಾನು ಹಾಗೆ ಕಂಡೆನಾ? ಸತ್ತವರನ್ನೂ ಮಾರುವವಳ ಹಾಗೆ?'

ಚಿಕ್ಕಮ್ಮ ಬೈಯಲಿಲ್ಲ. ಪಕ್ಕದಲ್ಲಿ ಬಂದು ಕೂತಳು. "ಇಷ್ಟ ಆಗಿದ್ನಾ ಹುಡುಗ?"

ಅವಳು ತಲೆ ತಗ್ಗಿಸಿದಳು. ಕಣ್ಣೀರು ಮೊಣಕಾಲ ಮೇಲೆ ಟಪಟಪ ಬಿತ್ತು.

"ಹಾಗಾದ್ರೆ ಅಳ್ತಾ ಕೂರ್ಬೇಡ. ಹಂಚಿದ್ದನ್ನ ವಾಪಸ್ ತಗೊಂಡ್ಬಾ."

ಅವಳು ನಲವತ್ತು ಪಬ್ಬುಗಳನ್ನೂ ಮತ್ತೆ ಹತ್ತಿ ಇಳಿದಳು. "ದಯವಿಟ್ಟು ಆ ಕರಪತ್ರ ವಾಪಸ್ ಕೊಡಿ," ಎಂದು ಕೇಳಿದಳು. ಕೆಲವರು ಕಸದ ಬುಟ್ಟಿ ತೋರಿಸಿದರು. ಅವಳು ಬುಟ್ಟಿಗೂ ಕೈ ಹಾಕಿದಳು. ದಪ್ಪ ಮೀಸೆಯ ಯಜಮಾನನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಚಿದ್ದನ್ನ ವಾಪಸ್ ಕೇಳೋ ಕಂಪನಿ ಇದೇ ಮೊದಲು ನೋಡಿದ್ದು ತಾಯಿ!"

ನಗು ನಿಂತ ಮೇಲೆ ಅವನೇ ಹೇಳಿದ. "ಆ ಗೋಡೆ ನಮಗೆಲ್ಲ ಗುರುತು. ಪಾಪ, ಆ ಹುಡುಗ ಪಬ್ಬು ಮುಚ್ತಿದ್ದಾನಂತೆ. ಒಂದನೇ ತಾರೀಖು ಊರು ಬಿಡ್ತಾನೆ. ಬೇರೆ ಕಡೆ ಸ್ನೇಹಿತನ ಹೋಟೆಲ್‌ನಲ್ಲಿ ಕೆಲಸ ಅಂತೆ."

ಒಂದನೇ ತಾರೀಖಿಗೆ ಐದೇ ದಿನ ಉಳಿದಿತ್ತು!

ಮೂರು ದಿನ ಕಳೆಯಿತು. ಊರಿನ ಪಬ್ಬುಗಳೆಲ್ಲ ಬಾಗಿಲು ಕಿಟಕಿ ತೆರೆದು ಪರದೆ ಒಗೆಸುವ ಗಡಿಬಿಡಿಯಲ್ಲಿದ್ದವು. ಚಿಕ್ಕಮ್ಮನ ವ್ಯಾನಿಗೆ ಪುರಸೊತ್ತಿರಲಿಲ್ಲ. ಅವಳು ಮಾತ್ರ ಆಫೀಸಿನ ಮೂಲೆಯಲ್ಲಿ ಬಟ್ಟೆ ಮಡಿಸುತ್ತಾ ಕೂತಿದ್ದಳು. ಆಗ ಒಬ್ಬ ಹೆಂಗಸು ಒಳಗೆ ಬಂದರು. ಅರುವತ್ತರ ಆಸುಪಾಸು. ಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅಂಚಿನಲ್ಲಿ ಅವಳದೇ ಕೈಬರಹವಿತ್ತು.

"ಮೊದಲ ಪ್ರತಿ ಕಳಿಸಿದವಳು ನೀನೇನಾ?"

ಅವನ ತಾಯಿ! ಅವಳು ಎದ್ದು ನಿಂತಳು. ಕೈ ಜೋಡಿಸಿದಳು. "ಅಮ್ಮಾ, ತಪ್ಪಾಯ್ತು. ಗೊತ್ತಿಲ್ಲದೆ ಮಾಡಿದೆ. ಏನು ಶಿಕ್ಷೆ ಕೊಟ್ರೂ..."

"ಕೂತ್ಕೋ ಮೊದಲು. ಶಿಕ್ಷೆ ಕೊಡೋಕೆ ನಾನೇನು ಕೋರ್ಟಾ?"

ಅವರು ತಾವೂ ಕೂತರು. ಸ್ವಲ್ಪ ಹೊತ್ತು ಕಾಗದವನ್ನೇ ಸವರುತ್ತಿದ್ದರು.

"ನಮ್ಮನೆಯವರು ಮದುವೆ ದಿನ ನನಗೆ ಮಾತು ಕೊಟ್ಟಿದ್ರು, ಸಿಗರೇಟು ಮುಟ್ಟಲ್ಲ ಅಂತ. ಕೊನೆಗೆ ಡಾಕ್ಟರು ಹೊಗೆಯಿಂದ ಶ್ವಾಸಕೋಶ ಹೋಗಿದೆ ಅಂದ್ರು. ನಾನೇನು ತಿಳ್ಕೊಂಡೆ? ಕದ್ದು ಸೇದಿದ್ರು ಅಂತ. ಮೂವತ್ತು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರು ಅಂತ. ಸಾಯೋ ಮನುಷ್ಯನ ಹತ್ತಿರ ಮುಖ ಊದಿಸ್ಕೊಂಡು ಕೂತಿದ್ದೆ ಕಣೇ ನಾನು."

ದನಿ ಒಡೆಯಿತು. ಅವಳು ನೀರಿನ ಲೋಟ ಮುಂದಿಟ್ಟಳು.

"ಈ ಕಾಗದ ನೋಡಿದಾಗ ತಲೆಗೆ ಹೊಳೀತು. ಗೋಡೆ ಸೇದಿತ್ತಾ? ಇಲ್ವಲ್ಲ. ಆದ್ರೂ ಗೋಡೆಗೆ ಹಿಡಿದಿದೆ. ಅವರಿಗೂ ಹಾಗೇ ಹಿಡೀತು. ಮಗನ್ನ ಕೇಳಿದೆ. ಗೊತ್ತಿತ್ತಂತೆ. ಡಾಕ್ಟರು ಅವನಿಗೆ ಬಿಡಿಸಿ ಹೇಳಿದ್ರಂತೆ. ನನಗೆ ಹೇಳಲಿಲ್ಲ."

"ಯಾಕಮ್ಮಾ?"

"ಅದನ್ನ ಅವನ ಬಾಯಿಂದಲೇ ಕೇಳು. ನನಗೆ ಅವನ ಮೇಲೆ ಕೋಪ ಇದೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನಿನ್ನ ಮೇಲಿಲ್ಲ. ನನ್ನ ಗಂಡ ಮಾತು ಉಳಿಸ್ಕೊಂಡೇ ಹೋದ್ರು ಅಂತ ನನಗೆ ತಿಳಿಸಿದವಳು ನೀನು." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವನು ಊರು ಬಿಡ್ತಾನಂತೆ. ನಾನು ತಡೆದ್ರೆ ಕೇಳಲ್ಲ. ನಾನು ಕ್ಷಮಿಸೋಕಿಂತ ಮೊದಲೇ ಓಡಿಹೋಗೋ ಆತುರ ಅವನಿಗೆ."

"ನನ್ನ ಮಾತು ಕೇಳ್ತಾರಾ ಅಮ್ಮಾ? ನನ್ನ ಮುಖ ನೋಡಲ್ಲ ಅವರು."

"ನೋಡದವನು ನಿನ್ನ ಟೀ ಲೋಟ ತೊಳೆದು ಯಾಕೆ ಬೇರೆ ಇಟ್ಕೊಂಡಿದ್ದಾನೆ? ನನ್ನನ್ನ ಕುರುಡಿ ಅಂದ್ಕೊಂಡಿದ್ದೀರಾ ಇಬ್ಬರೂ?"

ಅವಳು ಮಡಿಸಿಟ್ಟಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸಿದಳು.

ತಿಂಗಳ ಕೊನೆಯ ದಿನ, ಮಧ್ಯಾಹ್ನ. ಪಬ್ಬಿನ ಬಾಗಿಲಿಗೆ "ನಾಳೆಯಿಂದ ಪಬ್ ಇರುವುದಿಲ್ಲ" ಎಂಬ ಚೀಟಿ ಅಂಟಿಸಿತ್ತು. ಅವಳು ಈ ಸಲ ಬಾಗಿಲು ತಟ್ಟಿದಳು. ಉತ್ತರ ಬರಲಿಲ್ಲ. ತಳ್ಳಿದಳು, ತೆರೆಯಿತು.

ಅವನು ಕೌಂಟರಿನ ಮೂಲೆಯಲ್ಲಿದ್ದ. ಅಂಗಿಯ ತೋಳು ಮಡಿಸಿಕೊಂಡು ಅದೇ ಗೋಡೆಯನ್ನು ಒಬ್ಬನೇ ಉಜ್ಜುತ್ತಿದ್ದ. ಬರೀ ತಣ್ಣೀರು. ಮೇಲಿಂದ ಕೆಳಕ್ಕೆ ಕಂದು ನೀರು ಗೆರೆಗೆರೆಯಾಗಿ ಇಳಿದು, ಬಿಳಿ ಕುರ್ಚಿಯ ಆಕಾರದ ಮೇಲೂ ಹರಿದಿತ್ತು. ಅವನು ಹರಿದುದನ್ನು ಒರೆಸಲು ಹೋಗುತ್ತಿದ್ದ, ಅದು ಇನ್ನಷ್ಟು ಹರಡುತ್ತಿತ್ತು.

ಹೇಳಬೇಕೆಂದು ಕಲಿತುಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಮರೆತುಹೋಯಿತು.

"ಅಯ್ಯೋ, ಮೇಲಿಂದ ಒರೆಸಬಾರದ್ರೀ! ಕೆಳಗಿಂದ ಮೇಲಕ್ಕೆ ಹೋಗಬೇಕು! ಇಲ್ಲಾಂದ್ರೆ ಕೊಳೆ ಇಳಿದು ಗೋಡೆ ಕಚ್ಚಿಕೊಳ್ಳುತ್ತೆ!"

ಅವನು ಬೆಚ್ಚಿ ತಿರುಗಿದ. ಕಣ್ಣು ಕೆಂಪಾಗಿತ್ತು.

"ಬರಬೇಡಿ ಅಂದಿದ್ದೆ."

"ಗೊತ್ತು. ಕ್ಷಮಿಸಿ ಅಂತ ಹೇಳೋಕೆ ಬಂದೆ. ಅದು ನಿಮ್ಮಪ್ಪನ ಜಾಗ ಅಂತ ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಆದ್ರೆ ಕೇಳಬಹುದಿತ್ತು. ಕೊನೆಗೆ ಅಂತ ನೀವು ಅಂದಾಗ ಯಾಕೆ ಅಂತ ಒಂದು ಮಾತು ಕೇಳಬಹುದಿತ್ತು. ನಾನು ಗೋಡೆ ನೋಡಿದೆ, ನಿಮ್ಮನ್ನ ನೋಡಲಿಲ್ಲ. ಅದು ನನ್ನ ತಪ್ಪು."

ಅವನು ಬಟ್ಟೆಯನ್ನು ಬಕೆಟ್‌ಗೆ ಹಾಕಿ ನೆಲದ ಮೇಲೆ ಕೂತುಬಿಟ್ಟ.

"ಗಿರಾಕಿಗಳು ಹೇಳಿದ್ರು, ನೀವು ಕರಪತ್ರ ವಾಪಸ್ ಕೇಳ್ಕೊಂಡು ಕಸದ ಬುಟ್ಟಿಗೆಲ್ಲ ಕೈ ಹಾಕಿದ್ರಿ ಅಂತ. ನಾನೇ ಅವತ್ತು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಕೋಪ ನಿಮ್ಮ ಮೇಲಿರಲಿಲ್ಲ... ಸಿಕ್ಕಿದ್ದು ನೀವು." ಅವನು ಗೋಡೆಯ ಕಡೆ ನೋಡಿದ. "ನಾಲ್ಕು ವರ್ಷದ ಹಿಂದೆ ಅಪ್ಪ ಒಂದು ಮಾತು ಕೇಳಿದ್ರು. ಕೌಂಟರ್ ಹತ್ತಿರ ಮಾತ್ರ ಸೇದಬೇಡಿ ಅಂತ ಬೋರ್ಡ್ ಹಾಕೋಣ್ವಾ ಮಗಾ, ಎದೆ ಹಿಡಿಯುತ್ತೆ ಅಂತ. ಗಿರಾಕಿಗಳು ಎದ್ದು ಹೋಗ್ತಾರೆ ಅಪ್ಪಾ ಅಂದೆ. ಅವರು ಸರಿ ಅಂದ್ರು. ಮತ್ತೆ ಕೇಳಲೇ ಇಲ್ಲ. ಅಮ್ಮನಿಗೆ ನಿಜ ಹೇಳಿದ್ರೆ ಇದನ್ನೂ ಹೇಳಬೇಕಿತ್ತು."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನಾಳೆಯಿಂದ ಊರಿನ ಎಲ್ಲಾ ಪಬ್ಬಲ್ಲೂ ಬೋರ್ಡ್ ಬರುತ್ತೆ. ಒಬ್ಬ ಗಿರಾಕೀನೂ ಎದ್ದು ಹೋಗಲ್ಲ. ಸರ್ಕಾರ ಹೇಳಿದ ಮೇಲೆ ಎಲ್ಲರೂ ಹಾಕ್ತಾರೆ. ಅಪ್ಪ ಹೇಳಿದಾಗ ನಾನು ಹಾಕಲಿಲ್ಲ..." ಅವನು ಮುಖ ಮುಚ್ಚಿಕೊಂಡು ಅತ್ತ.

ಅವಳು ಪಕ್ಕದಲ್ಲಿ ಕೂತಳು. ಹೆಗಲ ಮೇಲೆ ಕೈಯಿಟ್ಟಳು. ಏನೂ ಆಗಿಲ್ಲ ಬಿಡಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

"ನಿಮ್ಮ ತಪ್ಪಿಲ್ಲ ಅಂತ ನಾನು ಹೇಳಲ್ಲ. ನೀವೂ ನಂಬಲ್ಲ. ಆದ್ರೆ ಊರು ಬಿಟ್ರೆ ಅದು ಸರಿಯಾಗುತ್ತಾ? ಅಮ್ಮ ಅಪ್ಪನ ಮೇಲಿನ ಕೋಪಾನೇ ಎರಡು ವರ್ಷ ಹೊತ್ಕೊಂಡಿದ್ರು. ಈಗ ನಿಮ್ಮ ಮೇಲಿನದನ್ನೂ ಒಬ್ಬರೇ ಹೊರಬೇಕಾ? ಇಲ್ಲೇ ಇದ್ದು ಬೈಸ್ಕೊಳ್ಳಿ!"

"ಈ ಗೋಡೆ ನೋಡ್ಕೊಂಡು ನಾನು ಹೇಗೆ ಇರಲಿ? ಒರೆಸಿದ್ರೆ ಅಪ್ಪನ ಜಾಗ ಅಳಿಸಿಹೋಗುತ್ತೆ. ಬಿಟ್ರೆ ಕಣ್ಣಿಗೆ ಚುಚ್ಚುತ್ತೆ."

"ಅಪ್ಪನ ಜಾಗ ಬಿಳೀನೇ ಇದೆಯಲ್ರೀ. ಅದನ್ನ ಯಾಕೆ ಮುಟ್ಟಬೇಕು? ನಾವು ಒರೆಸೋದು ಸುತ್ತ ಇರೋದನ್ನ. ಗೋಡೆಯೆಲ್ಲ ಆ ಬಣ್ಣಕ್ಕೇ ಬರುತ್ತೆ."

ಅವನು ಕೂತಲ್ಲಿಂದಲೇ ಬಿಳಿ ಕುರ್ಚಿಯ ಅಂಚಿನ ಮೇಲೆ ಬೆರಳಾಡಿಸಿದ. ಆಮೇಲೆ ಮೂಗೊರೆಸಿಕೊಂಡು ಎದ್ದ.

"ಬಿಸಿನೀರು ತರಲಾ?"

"ತನ್ನಿ. ಸೋಪೂ ಬೇಕು. ತಣ್ಣೀರಲ್ಲಿ ಉಜ್ಜೋಕೆ ಯಾರು ಹೇಳಿಕೊಟ್ರು ನಿಮಗೆ?"

ಇಬ್ಬರೂ ಕೆಳಗಿನಿಂದ ಮೇಲಕ್ಕೆ ಹೊರಟರು. ಅವಳು ಎಡಕ್ಕೆ, ಅವನು ಬಲಕ್ಕೆ. ನಾಲ್ಕು ಬಕೆಟ್ ನೀರು ಕಪ್ಪಾಯಿತು. ಅವನು ನಡುನಡುವೆ ನಿಂತು ಅಪ್ಪನ ವಿಷಯ ಹೇಳಿದ. ಅವರು ಜೋರಾಗಿ ಸೀನುತ್ತಿದ್ದದ್ದು, ಗಿರಾಕಿಗಳ ಮಕ್ಕಳ ಹೆಸರೆಲ್ಲ ಬಾಯಿಪಾಠ ಇದ್ದದ್ದು. ಹೇಳುತ್ತಾ ಒಮ್ಮೆ ನಕ್ಕೂಬಿಟ್ಟ. ಕಂದು ಬಣ್ಣ ಹಿಂದೆ ಸರಿಯುತ್ತಾ ಬಂದು, ಸಂಜೆಯ ಹೊತ್ತಿಗೆ ಕುರ್ಚಿಯ ಅಂಚು ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ.

ಅವನು ತೊಳೆದ ಗೋಡೆಗೆ ಹಣೆ ಒತ್ತಿ ನಿಂತ. ಅವಳು ದೂರ ಸರಿದು ನಿಂತಳು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ತಾಯಿ ಅರ್ಧ ಇಳಿದು, ಗೋಡೆಯನ್ನೂ ಮಗನ ಬೆನ್ನನ್ನೂ ನೋಡಿದರು. ಹನ್ನೊಂದು ದಿನಗಳಿಂದ ಅವನ ಜೊತೆ ಮಾತಾಡದವರು ಗಂಟಲು ಸರಿಮಾಡಿಕೊಂಡರು.

"ಊಟಕ್ಕೆ ಎಷ್ಟು ಜನ?"

ಅವನು ತಿರುಗಿದ. ಅವಳ ಕಡೆ ನೋಡಿದ. "ಮೂರು ಜನ ಅಮ್ಮಾ."

"ಮೊದಲು ಬಾಗಿಲ ಮೇಲಿನ ಆ ಚೀಟಿ ಕಿತ್ತು ಬಾ. ಆಮೇಲೆ ಕೈ ತೊಳ್ಕೊಳ್ಳಿ, ಇಬ್ಬರೂ," ಎಂದು ಅವರು ಮೇಲೆ ಹೋದರು.

ಅವನು ಚೀಟಿ ಕಿತ್ತು ಬಂದ. ಅವಳೆದುರು ನಿಂತ. ಇಷ್ಟು ದಿನದ ಬಹುವಚನ ಅವನ ಬಾಯಿಂದ ತಾನಾಗಿಯೇ ಜಾರಿಹೋಯಿತು.

"ನಾಳೆ ಬೆಳಗ್ಗೆ ಬಾಗಿಲು ತೆಗೆಯೋವಾಗ ಇರ್ತೀಯಾ?"

"ಇರ್ತೀನಿ."

"ನಾಡಿದ್ದು?"

"ಇರ್ತೀನಿ."

"ಆಚೆ ನಾಡಿದ್ದು?"

"ಹೀಗೆ ಒಂದೊಂದೇ ದಿನ ಕೇಳ್ತಾ ಕೂತ್ರೆ ಇಬ್ಬರಿಗೂ ವಯಸ್ಸಾಗುತ್ತೆ," ಎಂದಳು ಅವಳು. ಕಣ್ಣು ತುಂಬಿತ್ತು, ದನಿ ಮಾತ್ರ ಜಗಳದ್ದು. "ಕೇಳೋದಿದ್ರೆ ಒಟ್ಟಿಗೇ ಕೇಳು!"

"ಸರಿ." ಅವನು ಅವಳ ಒದ್ದೆ ಕೈಗಳನ್ನು ಹಿಡಿದುಕೊಂಡ. "ಒಟ್ಟಿಗೇ ಕೇಳ್ತಿದ್ದೀನಿ."

"ಹೂಂ," ಎಂದಳು.